ಗಾಯ ಮಾಯಿತು, ಗ್ರಂಥಿ ಇನ್ನೂ ಚೇತರಿಸಿಲ್ಲ

ಕಲಬುರಗಿ, ವಿಜಯಪುರ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ದೊಡ್ಡ ಆಪರೇಷನ್ನಿನ ಮಾತು ಬಂದರೆ ಬೆಂಗಳೂರಿಗಿಂತ ಪುಣೆ ಹತ್ತಿರ. ಕಲಬುರಗಿಯಲ್ಲಿ ರೈಲು ಹತ್ತಿದರೆ ಆರೇಳು ತಾಸಿನ ಹಾದಿ. ಅಲ್ಲಿ ಸಸೂನ್, ಕೆಇಎಂ, ಜಹಾಂಗೀರ್, ರೂಬಿ ಹಾಲ್, ದೀನಾನಾಥ ಮಂಗೇಶ್ಕರ್ ಎಂದು ಸರ್ಕಾರಿಯಿಂದ ಟ್ರಸ್ಟಿನವರೆಗೆ ಆಸ್ಪತ್ರೆಗಳ ಸಾಲೇ ಇದೆ. ಉಳಿದುಕೊಳ್ಳಲು ಪಿಂಪ್ರಿಯಲ್ಲೋ ಹಡಪ್ಸರದಲ್ಲೋ ನೌಕರಿಗಿರುವ ಸಂಬಂಧಿಕರ ಮನೆಯೊಂದು ಸಾಮಾನ್ಯವಾಗಿ ಸಿಗುತ್ತದೆ. ಕುತ್ತಿಗೆಯಲ್ಲಿ ಗಡ್ಡೆ ಎದ್ದವರು, ಗ್ರೇವ್ಸ್ ಕಾಯಿಲೆಯಿಂದ ಎದೆ ಬಡಿತ ಏರಿ ಬೆವರಿ ಬಸವಳಿದವರು, ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾಗಿ ಕಂಗೆಟ್ಟವರು ಹೀಗೆ ಹೋಗಿ ಥೈರಾಯ್ಡ್ ತೆಗೆಸಿಕೊಂಡು ಬರುತ್ತಾರೆ. ಎರಡನೆಯ ದಿನವೋ ಮೂರನೆಯ ದಿನವೋ ಡಿಸ್ಚಾರ್ಜ್. ಹೊಲಿಗೆ ಸಣ್ಣದು, ಊಟ ಇಳಿಯುತ್ತದೆ, ದನಿಯೂ ಸರಿಯಿದೆ. ‘ಆಪರೇಷನ್ ಛಲೋ ಆತು’ ಎಂದು ಊರಿಗೆ ಫೋನ್ ಹೋಗುತ್ತದೆ.

ಅದಾದ ಮೇಲೆ, ಹಲವರಿಗೆ ರೈಲಿನಲ್ಲೇ ಅಥವಾ ಮನೆ ಮುಟ್ಟಿದ ರಾತ್ರಿ, ತುಟಿಯ ಸುತ್ತ ಜುಮುಜುಮು ಶುರುವಾಗುತ್ತದೆ. ಬೆರಳ ತುದಿಗಳಲ್ಲಿ ಇರುವೆ ಹರಿದಾಡಿದ ಅನುಭವ. ಮೀನಖಂಡ ಹಿಡಿದುಕೊಳ್ಳುತ್ತದೆ. ಇನ್ನೂ ಹೆಚ್ಚಾದರೆ ಬೆರಳುಗಳು ಒಂದಕ್ಕೊಂದು ಅಂಟಿ, ಹೆಬ್ಬೆರಳು ಅಂಗೈಯೊಳಗೆ ಮಡಚಿ, ಮುಂಗೈ ಬಾಗಿ ಕೈ ಸೆಟೆದುಬಿಡುತ್ತದೆ. ಮನೆಯವರು ನಿಶ್ಶಕ್ತಿ ಎನ್ನುತ್ತಾರೆ, ಗ್ಯಾಸ್ ಎನ್ನುತ್ತಾರೆ, ಆಪರೇಷನ್ನಿಗೆ ಹೆದರಿದ್ದಾಳೆ ಎನ್ನುತ್ತಾರೆ. ಯಾರೋ ಗ್ಲೂಕೋಸ್ ನೀರು ಕುಡಿಸುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತಲೇ ಇರುತ್ತದೆ.

ತೊಂದರೆ ಇದೇ ಹೊತ್ತಿಗೆ ಬರುವುದು ಆಕಸ್ಮಿಕವಲ್ಲ. ಥೈರಾಯ್ಡನ್ನು ಪೂರ್ತಿ ತೆಗೆದ ಮೇಲೆ ರಕ್ತದ ಕ್ಯಾಲ್ಸಿಯಂ ತೀರ ಕೆಳಗಿಳಿಯುವುದು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ; ಕೆಲವರಲ್ಲಿ ನಾಲ್ಕನೆಯ ದಿನಕ್ಕೂ ಎಳೆಯುತ್ತದೆ. ರೋಗಿ ಆಸ್ಪತ್ರೆಯ ಹಾಸಿಗೆ ಬಿಟ್ಟು ಊರಿನ ದಾರಿ ಹಿಡಿಯುವ ದಿನಗಳೂ ಅವೇ. ಪುಣೆಯಲ್ಲೇ ಮನೆ ಇರುವವರು ಮತ್ತೆ ಆಟೋ ಹತ್ತಿ ಆಸ್ಪತ್ರೆಗೆ ಹೋಗಬಹುದು. ಆಳಂದದ ಹಳ್ಳಿಗೆ ಹಿಂದಿರುಗಿದವರಿಗೆ ರಾತ್ರಿ ಹನ್ನೊಂದಕ್ಕೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುವವರು ಎಲ್ಲಿ ಸಿಗಬೇಕು?

ಇದಕ್ಕೆಲ್ಲ ಮೂಲ ಥೈರಾಯ್ಡ್ ಅಲ್ಲ, ಅದರ ಬೆನ್ನಿಗೆ ಅಂಟಿಕೊಂಡಿರುವ ನಾಲ್ಕು ಸಣ್ಣ ಗ್ರಂಥಿಗಳು: ಪ್ಯಾರಾಥೈರಾಯ್ಡ್. ಒಂದೊಂದೂ ಹೆಚ್ಚುಕಡಿಮೆ ಒಂದು ತೊಗರಿಬೇಳೆಯಷ್ಟು. ತೂಕ 30ರಿಂದ 50 ಮಿಲಿಗ್ರಾಂ. ಬಣ್ಣ ಹಳದಿ ಮಿಶ್ರಿತ ಕಂದು, ಸುತ್ತಲಿನ ಕೊಬ್ಬಿನ ಬಣ್ಣಕ್ಕೆ ತೀರ ಹತ್ತಿರ. ಹೆಚ್ಚಿನವರಲ್ಲಿ ನಾಲ್ಕಿರುತ್ತವೆ, ಕೆಲವರಲ್ಲಿ ಮೂರು, ಕೆಲವರಲ್ಲಿ ಐದು. ಮೇಲಿನ ಜೋಡಿ ಸುಮಾರಾಗಿ ಒಂದೇ ಜಾಗದಲ್ಲಿರುತ್ತದೆ. ಕೆಳಗಿನ ಜೋಡಿ ಭ್ರೂಣದಲ್ಲಿ ಥೈಮಸ್ ಗ್ರಂಥಿಯ ಜೊತೆಗೆ ಕೆಳಗಿಳಿಯುವುದರಿಂದ, ದವಡೆಯ ಬಳಿಯಿಂದ ಎದೆಗೂಡಿನವರೆಗೆ ಎಲ್ಲಿ ಬೇಕಾದರೂ ನಿಂತುಬಿಟ್ಟಿರಬಹುದು. ಶಸ್ತ್ರಚಿಕಿತ್ಸಕರು ಇವನ್ನು ಹುಡುಕಿ, ಗುರುತಿಸಿ, ರಕ್ತನಾಳ ಹರಿಯದಂತೆ ಥೈರಾಯ್ಡಿನಿಂದ ಬಿಡಿಸಿ ಅಲ್ಲಿಯೇ ಉಳಿಸಬೇಕು.

ಈ ಗ್ರಂಥಿಗಳು ಸುರಿಸುವ ಹಾರ್ಮೋನಿಗೆ ಆಸ್ಪತ್ರೆಯ ಚೀಟಿಯಲ್ಲಿ ಪಿಟಿಎಚ್ ಎಂದು ಬರೆಯುತ್ತಾರೆ. 84 ಅಮೈನೋ ಆಮ್ಲಗಳ ಈ ಪ್ರೋಟೀನು ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. ಹಾಗಾಗಿ ಗ್ರಂಥಿಗಳು ಕ್ಷಣಕ್ಷಣವೂ ಕ್ಯಾಲ್ಸಿಯಂ ಅಳೆದು ಅಷ್ಟಷ್ಟೇ ಹಾರ್ಮೋನನ್ನು ಬಿಡುತ್ತಿರಬೇಕು. ಪಿಟಿಎಚ್ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಮೂತ್ರದಲ್ಲಿ ಕ್ಯಾಲ್ಸಿಯಂ ಸೋರದಂತೆ ಮೂತ್ರಪಿಂಡದಲ್ಲಿ ತಡೆದು ರಂಜಕವನ್ನು ಹೊರಹಾಕಿಸುತ್ತದೆ. ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸಿ, ಕರುಳು ಊಟದಿಂದ ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಎಂಬ ಇಕ್ಕಟ್ಟಿನ ಮಿತಿಯಲ್ಲೇ ದಿನವಿಡೀ ನಿಲ್ಲುವುದು ಇದರಿಂದ. ಆ ಮಿತಿ ತಪ್ಪಿ ಕೆಳಗಿಳಿದರೆ ನರಗಳು ಕಾರಣವಿಲ್ಲದೆ ಕೆರಳುತ್ತವೆ. ಜುಮುಜುಮು ಅದರ ಮೊದಲ ಸೂಚನೆ. ಕೊನೆಯ ಸೂಚನೆಗಳು ಗಂಟಲ ಪೆಟ್ಟಿಗೆ ಬಿಗಿದು ಉಸಿರು ಕಟ್ಟುವುದು, ಫಿಟ್ಸ್ ಬರುವುದು, ಹೃದಯದ ಬಡಿತ ದಾರಿ ತಪ್ಪುವುದು.

ಇಷ್ಟು ಮುಖ್ಯವಾದ ಅಂಗ ವೈದ್ಯರ ಕಣ್ಣಿಗೆ ಬಿದ್ದದ್ದು ತೀರ ತಡವಾಗಿ. ಅದರ ಮೊದಲ ಸುಳಿವು ಸಿಕ್ಕಿದ್ದು ನಮ್ಮ ದೇಶದ ಪ್ರಾಣಿಯೊಂದರಲ್ಲಿ. ಲಂಡನ್ ಮೃಗಾಲಯ 1834ರಲ್ಲಿ ಕೊಂಡಿದ್ದ ಭಾರತೀಯ ಒಂಟಿಕೊಂಬಿನ ಖಡ್ಗಮೃಗ 1849ರ ಕೊನೆಯಲ್ಲಿ ಸತ್ತಿತು. ಅದನ್ನು ಕೊಯ್ದು ನೋಡಿದ ಅಂಗರಚನಾ ತಜ್ಞ ರಿಚರ್ಡ್ ಓವನ್, ಥೈರಾಯ್ಡಿಗೆ ಅಂಟಿಕೊಂಡ ಹಳದಿ ಬಣ್ಣದ ಸಣ್ಣ ಗಟ್ಟಿ ಗ್ರಂಥಿಯೊಂದನ್ನು ಗುರುತಿಸಿ ಬರೆದಿಟ್ಟರು. ಮನುಷ್ಯರಲ್ಲಿ ಅದನ್ನು ಕಂಡವನು ಸ್ವೀಡನ್ನಿನ ಉಪ್ಸಾಲಾದ ವಿದ್ಯಾರ್ಥಿ ಇವಾರ್ ಸ್ಯಾಂಡ್‌ಸ್ಟ್ರೋಮ್. 1877ರಲ್ಲಿ ನಾಯಿಯ ಕುತ್ತಿಗೆಯಲ್ಲಿ ನೋಡಿ, ಬಳಿಕ 50 ಶವಗಳನ್ನು ಪರೀಕ್ಷಿಸಿ, 1880ರಲ್ಲಿ ಆತ ಲೇಖನ ಪ್ರಕಟಿಸಿದ. ಪ್ಯಾರಾಥೈರಾಯ್ಡ್ ಎಂಬ ಹೆಸರೂ ಅವನದೇ. ಯಾರೂ ಅಷ್ಟಾಗಿ ಗಮನಿಸಲಿಲ್ಲ. 1889ರಲ್ಲಿ, 37ನೆಯ ವಯಸ್ಸಿನಲ್ಲಿ, ಆತ ತನ್ನ ಪ್ರಾಣ ತಾನೇ ತೆಗೆದುಕೊಂಡ. ಫ್ರಾನ್ಸಿನ ಯೂಜೀನ್ ಗ್ಲೇ ಈ ಗ್ರಂಥಿಗಳನ್ನು ತೆಗೆದರೆ ಪ್ರಾಣಿಗಳ ಸ್ನಾಯುಗಳು ಸೆಟೆದುಕೊಳ್ಳುತ್ತವೆ ಎಂದು ತೋರಿಸಿದ್ದು ಅದರ ಎರಡು ವರ್ಷಗಳ ನಂತರ, 1891ರಲ್ಲಿ.

ಅಷ್ಟರಲ್ಲಿ ಯುರೋಪಿನ ಶಸ್ತ್ರಚಿಕಿತ್ಸಾ ಕೋಣೆಗಳಲ್ಲಿ ರೋಗಿಗಳು ಇದೇ ಸೆಟೆತದಿಂದ ನರಳುತ್ತಿದ್ದರು. ವಿಯೆನ್ನಾದಲ್ಲಿ ಶಸ್ತ್ರಚಿಕಿತ್ಸಕ ಬಿಲ್ರೋತ್ ಥೈರಾಯ್ಡ್ ತೆಗೆದ ರೋಗಿಯಲ್ಲಿ ಕಂಡ ಸೆಟೆತವನ್ನು ಅವರ ಸಹಾಯಕ ವೋಲ್ಫ್ಲರ್ 1879ರಲ್ಲೇ ದಾಖಲಿಸಿದ್ದರು. ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಖರ್ ಅವರ ರೋಗಿಗಳಲ್ಲಿ ಸೆಟೆತ ವಿರಳ. ಅವರನ್ನು ಕಾಡಿದ್ದು ಥೈರಾಯ್ಡ್ ಪೂರ್ತಿ ಇಲ್ಲವಾದ ಮಂದತೆ. ಇಬ್ಬರ ಕೈಚಳಕವನ್ನೂ ಹತ್ತಿರದಿಂದ ಕಂಡಿದ್ದ ಅಮೆರಿಕದ ವಿಲಿಯಂ ಹಾಲ್ಸ್ಟೆಡ್ ಮುಂದೆ ಇದನ್ನು ಬಿಡಿಸಿ ಹೇಳಿದರು. ಕೋಖರ್ ರಕ್ತ ಚೆಲ್ಲದಂತೆ, ಪದರ ಪದರವಾಗಿ, ನಿಧಾನವಾಗಿ ಬಿಡಿಸುತ್ತಿದ್ದರು, ಥೈರಾಯ್ಡಿನ ಚೂರೂ ಉಳಿಯುತ್ತಿರಲಿಲ್ಲ, ಸುತ್ತಲಿನದಕ್ಕೆ ಪೆಟ್ಟಾಗುತ್ತಿರಲಿಲ್ಲ. ಬಿಲ್ರೋತ್ ವೇಗವಾಗಿ ಕೊಯ್ಯುತ್ತಿದ್ದರು. ಥೈರಾಯ್ಡಿನ ತುಣುಕು ಉಳಿದರೂ ಪ್ಯಾರಾಥೈರಾಯ್ಡ್ ಹೋಗುತ್ತಿತ್ತು. ಶತಮಾನ ಕಳೆದ ಮೇಲೂ ಈ ಮಾತು ಹಳತಾಗಿಲ್ಲ. ಯಾವ ಯಂತ್ರ ಬಂದರೂ, ವರ್ಷಕ್ಕೆ ಹತ್ತಾರು ಥೈರಾಯ್ಡ್ ಆಪರೇಷನ್ ಮಾಡಿ ಪಳಗಿದ ಕೈಯನ್ನು ಹುಡುಕಿಕೊಂಡು ಪುಣೆಗೋ ಬೆಂಗಳೂರಿಗೋ ಹೋಗುವ ರೋಗಿಯ ನಿರ್ಧಾರ ಸರಿಯಾದದ್ದೇ. 1909ರಲ್ಲಿ ಕೋಖರ್ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೆಕಲಮ್ ಮತ್ತು ವೋಗ್ಟ್ಲಿನ್, ಸೆಟೆತಕ್ಕೆ ಕಾರಣ ಕ್ಯಾಲ್ಸಿಯಂ ಕೊರತೆಯೆಂದೂ, ಕ್ಯಾಲ್ಸಿಯಂ ಕೊಟ್ಟರೆ ಅದು ನಿಲ್ಲುತ್ತದೆಂದೂ ತೋರಿಸಿದರು.

ಇನ್ನು ಮುಖ್ಯ ಪ್ರಶ್ನೆ. ಗ್ರಂಥಿಯನ್ನು ಕುತ್ತಿಗೆಯಲ್ಲೇ ಉಳಿಸಿದ್ದರೆ ಕ್ಯಾಲ್ಸಿಯಂ ಇಳಿಯುವುದೇಕೆ?

ಉಳಿಸಿದ ಗ್ರಂಥಿಗೂ ಪೆಟ್ಟು ಬಿದ್ದಿರುತ್ತದೆ. ನಾಲ್ಕಕ್ಕೂ ರಕ್ತ ಬರುವುದು ಬಹುಮಟ್ಟಿಗೆ ಥೈರಾಯ್ಡಿನ ಕೆಳಗಿನ ಧಮನಿಯ ಕೂದಲೆಳೆಯಂಥ ಕವಲುಗಳಿಂದ. ಥೈರಾಯ್ಡನ್ನು ಬಿಡಿಸುವಾಗ ಆ ಕವಲು ಎಳೆಯಲ್ಪಡಬಹುದು, ರಕ್ತಸ್ರಾವ ನಿಲ್ಲಿಸಲು ಬಳಸುವ ವಿದ್ಯುತ್ ಶಾಖ ಪಕ್ಕದ ಗ್ರಂಥಿಗೂ ತಾಗಬಹುದು, ರಕ್ತ ಹಿಂದಿರುಗುವ ಅಭಿಧಮನಿ ಕಟ್ಟಿ ಗ್ರಂಥಿ ನೀಲಿಗಟ್ಟಿ ಊದಿಕೊಳ್ಳಬಹುದು. ಕ್ಯಾನ್ಸರಿಗಾಗಿ ಕುತ್ತಿಗೆಯ ನಡುವಿನ ದುಗ್ಧಗ್ರಂಥಿಗಳನ್ನೂ ತೆಗೆದಾಗ ಅಪಾಯ ಹೆಚ್ಚುವುದು ಇದರಿಂದಲೇ. ಕೆಳಗಿನ ಜೋಡಿ ಆ ದುಗ್ಧಗ್ರಂಥಿಗಳ ಸುತ್ತಲಿನ ಕೊಬ್ಬಿನಲ್ಲೇ ಹುದುಗಿರುತ್ತದೆ. ರಕ್ತ ಪೂರ್ತಿ ನಿಂತುಹೋದ ಗ್ರಂಥಿಯನ್ನು ಒಳ್ಳೆಯ ಶಸ್ತ್ರಚಿಕಿತ್ಸಕರು ಎಸೆಯುವುದಿಲ್ಲ. ಸಣ್ಣ ಚೂರುಗಳಾಗಿ ಹೆಚ್ಚಿ ಕುತ್ತಿಗೆಯ ಸ್ನಾಯುವಿನೊಳಗೆ ನೆಡುತ್ತಾರೆ. ಅಮೆರಿಕದ ಫ್ರಾಂಕ್ ಲೇಹಿ 1926ರಲ್ಲೇ ಇದನ್ನು ಬರೆದಿದ್ದರು. ನೆಟ್ಟ ಚೂರುಗಳಿಗೆ ಹೊಸ ರಕ್ತನಾಳ ಬೆಳೆದು ಅವು ಹಾರ್ಮೋನು ಬಿಡಲು ಕೆಲವು ವಾರ ಬೇಕು.

ಪೆಟ್ಟು ಬಿದ್ದ ಗ್ರಂಥಿಯ ಚೇತರಿಕೆಯೂ ಹೀಗೆಯೇ ನಡೆಯುತ್ತದೆ. ಮೊದಲ ದಿನಗಳಲ್ಲಿ ಊತ ಇಳಿಯುತ್ತದೆ. ನಂತರದ ವಾರಗಳಲ್ಲಿ ಸುತ್ತಲಿನಿಂದ ನವಿರು ರಕ್ತನಾಳಗಳು ಒಳಬರುತ್ತವೆ. ಸತ್ತ ಜೀವಕೋಶಗಳ ಪಾಲನ್ನು ಉಳಿದವು ಹೊರಲು ಕಲಿಯುತ್ತವೆ. ನಾಲ್ಕೂ ಮೊದಲಿನಂತಾಗಬೇಕೆಂದೇನೂ ಇಲ್ಲ. ಚೆನ್ನಾಗಿ ರಕ್ತ ಹರಿಯುವ ಒಂದೇ ಗ್ರಂಥಿ ದೇಹದ ಇಡೀ ಕ್ಯಾಲ್ಸಿಯಂ ನಿಭಾಯಿಸಬಲ್ಲದು. ಥೈರಾಯ್ಡಿನ ಒಂದು ಪಾಲು ಮಾತ್ರ ತೆಗೆದವರಲ್ಲಿ ಈ ತೊಂದರೆ ಅಪರೂಪವಾಗಿರುವುದೂ ಅದಕ್ಕೇ. ಕೈಯೇ ಹಾಕದ ಇನ್ನೊಂದು ಬದಿಯ ಜೋಡಿ ಕೆಲಸ ಮಾಡುತ್ತಿರುತ್ತದೆ.

ಥೈರಾಯ್ಡ್ ಪೂರ್ತಿ ತೆಗೆದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ತಾತ್ಕಾಲಿಕವಾಗಿ ಕ್ಯಾಲ್ಸಿಯಂ ಇಳಿಯುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಹೇಳುತ್ತವೆ. ಇವರಲ್ಲಿ ಬಹುಪಾಲು ಜನ ಕೆಲವು ವಾರಗಳಲ್ಲೇ ಮಾತ್ರೆಯಿಂದ ಹೊರಬರುತ್ತಾರೆ. ಶಾಶ್ವತವಾಗಿ ಉಳಿಯುವುದು ನುರಿತ ಕೇಂದ್ರಗಳ ವರದಿಗಳಲ್ಲಿ 100ಕ್ಕೆ 1ರಿಂದ 3 ಮಂದಿಗೆ. ಇಡೀ ದೇಶದ ಶಸ್ತ್ರಚಿಕಿತ್ಸೆಗಳನ್ನು ನೋಂದಾಯಿಸುವ ಯುರೋಪಿನ ದಾಖಲೆಗಳಲ್ಲಿ ಈ ಸಂಖ್ಯೆ ಅದಕ್ಕಿಂತ ಹೆಚ್ಚು. ದೊಡ್ಡ ಕೇಂದ್ರಗಳ ಹೆಮ್ಮೆಯ ಅಂಕಿಗಳು ಎಲ್ಲ ಆಸ್ಪತ್ರೆಗಳ ಕತೆ ಹೇಳುವುದಿಲ್ಲ. ಶಾಶ್ವತ ಎಂದು ಬರೆಯಲು ವೈದ್ಯರು ಕನಿಷ್ಠ 6 ತಿಂಗಳು, ಈಚೆಗೆ ಹಲವರು 12 ತಿಂಗಳು ಕಾಯುತ್ತಾರೆ.

ನಮ್ಮ ಜನರಲ್ಲಿ ಈ ಅಪಾಯ ಏಕೆ ಹೆಚ್ಚು ಎಂಬುದಕ್ಕೆ ಸುಳಿವು ಕೊಡುವ ಪುಣೆಯ ಇನ್ನೊಂದು ಸಂಗತಿ ಇದೆ. ಅದು ಥೈರಾಯ್ಡ್ ವಾರ್ಡಿನದಲ್ಲ, ಮಕ್ಕಳ ಮೂಳೆಯದು. ಜಹಾಂಗೀರ್ ಆಸ್ಪತ್ರೆಯ ಆವರಣದಲ್ಲಿರುವ ಹೀರಾಬಾಯಿ ಕಾವಸ್‌ಜಿ ಜಹಾಂಗೀರ್ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅನುರಾಧಾ ಖಾಡಿಲ್ಕರ್, ವಾಮನ ಖಾಡಿಲ್ಕರ್ ಮತ್ತವರ ಸಂಗಡಿಗರು ವರ್ಷಗಟ್ಟಲೆ ಪುಣೆಯ ಮಕ್ಕಳ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಅಳೆದಿದ್ದಾರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಗರದ ಕೊಳೆಗೇರಿಗಳ ಪುಟ್ಟ ಮಕ್ಕಳದು. ತಾಯಂದಿರು ದುಡಿಯಲು ಹೋಗುವಾಗ ಶಿಶುವಿಹಾರದ ನಾಲ್ಕು ಗೋಡೆಯೊಳಗೆ ಇಡೀ ದಿನ ಉಳಿದ ಮಕ್ಕಳಲ್ಲಿ ವಿಟಮಿನ್ ಡಿ ಕಡಿಮೆ, ಮೂಳೆ ಮೆದುವಾಗಿ ಬಾಗುವ ರಿಕೆಟ್ಸ್ ಹೆಚ್ಚು. ಅದೇ ಬಡತನದಲ್ಲಿ ಹೊರಗೆ ಬಿಸಿಲಲ್ಲಿ ಆಡಿದ ಮಕ್ಕಳ ಸ್ಥಿತಿ ಅದಕ್ಕಿಂತ ಚೆನ್ನಾಗಿತ್ತು. ಮರುವರ್ಷ ಪ್ರಕಟವಾದ ಇನ್ನೊಂದರಲ್ಲಿ ಇದೇ ತಂಡ ಧಾನ್ಯ ಮತ್ತು ಬೇಳೆಯ ಲಡ್ಡುವಿಗೆ ಕ್ಯಾಲ್ಸಿಯಂ ಸೇರಿಸಿ ಮಕ್ಕಳಿಗೆ ತಿನ್ನಿಸಿ ಮೂಳೆಯ ಖನಿಜಾಂಶ ಅಳೆಯಿತು.  ಇಲ್ಲಿ ಗಮನಿಸಬೇಕಾದದ್ದು, ವರ್ಷದ ಬಹುಪಾಲು ಸುಡುಬಿಸಿಲಿರುವ 18 ಡಿಗ್ರಿ ಅಕ್ಷಾಂಶದ ಊರಿನಲ್ಲೂ ವಿಟಮಿನ್ ಡಿ ಕೊರತೆ ಇದೆ ಎಂಬುದು.

ಆ ಮಕ್ಕಳ ಅಕ್ಕಂದಿರು, ಅಮ್ಮಂದಿರು ಮುಂದೆ ಥೈರಾಯ್ಡ್ ಆಪರೇಷನ್ನಿಗೆ ಬರುವವರು. ಥೈರಾಯ್ಡ್ ಕಾಯಿಲೆಗಳು ಹೆಂಗಸರಲ್ಲೇ ಹೆಚ್ಚು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ, ಮೈಯಲ್ಲಿ ವಿಟಮಿನ್ ಡಿ ಕಡಿಮೆ ಇದ್ದವರಲ್ಲಿ ಪ್ಯಾರಾಥೈರಾಯ್ಡ್ ಆಗಲೇ ಹೆಚ್ಚು ಹಾರ್ಮೋನು ಸುರಿಸಿ, ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ತಂದು ರಕ್ತದ ಮಟ್ಟ ಕಾಯುತ್ತಿರುತ್ತದೆ. ಆಪರೇಷನ್ನಿನ ದಿನ ಆ ಹಾರ್ಮೋನು ದಿಢೀರನೆ ಕುಸಿದಾಗ ಕರುಳಿನಿಂದಲೂ ಆಸರೆ ಸಿಗುವುದಿಲ್ಲ. ಗ್ರೇವ್ಸ್ ಕಾಯಿಲೆಯವರಲ್ಲಿ ಇದಕ್ಕೆ ಇನ್ನೊಂದು ಹೊರೆ ಸೇರುತ್ತದೆ. ಹೆಚ್ಚಾದ ಥೈರಾಯ್ಡ್ ಹಾರ್ಮೋನಿನಿಂದ ತಿಂಗಳುಗಟ್ಟಲೆ ಸವೆದ ಮೂಳೆ, ಆಪರೇಷನ್ ಆದೊಡನೆ ರಕ್ತದ ಕ್ಯಾಲ್ಸಿಯಮ್ಮನ್ನು ಗಬಗಬನೆ ಹೀರತೊಡಗುತ್ತದೆ. ಆದ್ದರಿಂದ ಆಪರೇಷನ್ನಿಗೆ ಕೆಲವು ವಾರ ಮೊದಲೇ ವಿಟಮಿನ್ ಡಿ ಪರೀಕ್ಷಿಸಿ ಕೊರತೆ ತುಂಬಿಸುವುದು ನಮ್ಮ ಜನರ ಮಟ್ಟಿಗೆ ಐಚ್ಛಿಕ ವಿಷಯವಾಗಬಾರದು. ಪರೀಕ್ಷೆಗೆ ತಗಲುವ ಖರ್ಚು, ಎರಡನೆಯ ಸಲ ಆಸ್ಪತ್ರೆ ಸೇರುವ ಖರ್ಚಿನ ಮುಂದೆ ಏನೂ ಅಲ್ಲ.

ಊಟದ ಮಾತೂ ಇಲ್ಲಿಯೇ ಬರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರ ದಿನದ ಕ್ಯಾಲ್ಸಿಯಂ ಅಗತ್ಯವನ್ನು 600ರಿಂದ 1,000 ಮಿಲಿಗ್ರಾಂಗೆ ಏರಿಸಿತು. ಅದೇ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಜೋಳದಲ್ಲಿರುವುದು 30 ಮಿಲಿಗ್ರಾಂಗೂ ಕಡಿಮೆ. ಮಂಡ್ಯದ ಮುದ್ದೆ ಉಣ್ಣುವವರಿಗೂ ವಿಜಯಪುರದ ಬಿಳಿಜೋಳದ ರೊಟ್ಟಿ, ಪುಣೆಯ ಭಾಕ್ರಿ ಉಣ್ಣುವವರಿಗೂ ಇರುವ ಈ ಅಂತರ ಸಣ್ಣದಲ್ಲ. ಜೋಳ ಬಿಡಬೇಕೆಂದಲ್ಲ. ಹಾಲು, ಮೊಸರು, ಮಜ್ಜಿಗೆ ಜೊತೆಗಿರಲಿ. ಸಂಕ್ರಾಂತಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಉಳಿದ ತಿಂಗಳಲ್ಲೂ ಆಗಬಹುದು. 100 ಗ್ರಾಂ ಎಳ್ಳಿನಲ್ಲಿ 1,000 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಅದೆಲ್ಲವೂ ಮೈಗೆ ಹತ್ತುವುದಿಲ್ಲ ಎಂಬುದು ನಿಜವಾದರೂ. ಆದರೆ ಆಪರೇಷನ್ನಿನ ನಂತರದ ವಾರಗಳಲ್ಲಿ ಕೈ ಸೆಟೆಯುತ್ತಿರುವಾಗ ರಾಗಿ ಅಂಬಲಿಯನ್ನು ನಂಬಿ ಕೂರುವಂತಿಲ್ಲ. ಆಗ ಬೇಕಾದದ್ದು ಔಷಧಿ.

ಆ ಔಷಧಿಯಲ್ಲೇ ಹೆಚ್ಚಿನ ಗೊಂದಲ. ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಹೆಸರು ಇರುತ್ತವೆ: ದಿನಕ್ಕೆ ಹಲವು ಬಾರಿ ನುಂಗುವ ಕ್ಯಾಲ್ಸಿಯಂ, ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಯೂನಿಟ್ ವಿಟಮಿನ್ ಡಿ3 ಪುಡಿ, ಮತ್ತು ಕ್ಯಾಲ್ಸಿಟ್ರಿಯಾಲ್ ಎಂಬ ಪುಟ್ಟ ಕ್ಯಾಪ್ಸೂಲು. ‘ಎರಡೂ ವಿಟಮಿನ್ ಡಿ ತಾನೆ’ ಎಂದು ಎರಡರಲ್ಲೊಂದನ್ನು ಬಿಡುವವರಿದ್ದಾರೆ. ಊರಿನ ಔಷಧ ಅಂಗಡಿಯಲ್ಲಿ ಕ್ಯಾಲ್ಸಿಟ್ರಿಯಾಲ್ ಇಲ್ಲದಿದ್ದರೆ ಬದಲಿಗೆ ವಾರದ ಪುಡಿಯೇ ಸಿಗುವುದೂ ಉಂಟು. ಅವೆರಡೂ ಒಂದೇ ಅಲ್ಲ. ವಾರದ ಪುಡಿ ದೇಹದ ದಾಸ್ತಾನು ತುಂಬಿಸುತ್ತದೆ, ಆದರೆ ಅದು ಕೆಲಸ ಮಾಡಬೇಕಾದರೆ ಮೂತ್ರಪಿಂಡದಲ್ಲಿ ಮಾರ್ಪಡಬೇಕು. ಆ ಮಾರ್ಪಾಟಿಗೆ ಅಪ್ಪಣೆ ಕೊಡುವುದೇ ಪಿಟಿಎಚ್. ಅದೇ ಇಲ್ಲದ ಹೊತ್ತಿನಲ್ಲಿ ಪುಡಿಯೊಂದನ್ನೇ ನಂಬಿದರೆ ಕ್ಯಾಲ್ಸಿಯಂ ಏರುವುದಿಲ್ಲ. ಕ್ಯಾಲ್ಸಿಟ್ರಿಯಾಲ್ ಆಗಲೇ ಮಾರ್ಪಟ್ಟ ರೂಪ. ನೇರವಾಗಿ ಕರುಳಿನ ಮೇಲೆ ಕೆಲಸ ಮಾಡುತ್ತದೆ.

ಕ್ಯಾಲ್ಸಿಯಂ ಕಾರ್ಬೋನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು. ಅದನ್ನು ಊಟದ ಜೊತೆ ನುಂಗಬೇಕು. ಆಪರೇಷನ್ ಆದವರಿಗೆ ‘ಗ್ಯಾಸಿಗೆ’ ಎಂದು ಕೊಡುವ ಆಮ್ಲ ತಗ್ಗಿಸುವ ಮಾತ್ರೆ ಇದರ ಕೆಲಸ ಕೆಡಿಸುತ್ತದೆ. ಅಂಥವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ಮೇಲು. ಇಲ್ಲವಾದ ಥೈರಾಯ್ಡ್ ಹಾರ್ಮೋನಿನ ಬದಲಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಥೈರಾಕ್ಸಿನ್ ಮಾತ್ರೆಗೂ ಕ್ಯಾಲ್ಸಿಯಂಗೂ ಕನಿಷ್ಠ 4 ತಾಸು ಅಂತರ ಬೇಕು. ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಕರುಳಲ್ಲೇ ಕ್ಯಾಲ್ಸಿಯಮ್ಮಿಗೆ ಅಂಟಿ ಹೊರಹೋಗುತ್ತದೆ. ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಏರದಿದ್ದರೆ ಮೆಗ್ನೀಸಿಯಂ ಪರೀಕ್ಷಿಸಬೇಕು. ಅದು ತೀರ ಕಡಿಮೆಯಿದ್ದರೆ ಉಳಿದ ಗ್ರಂಥಿಯೂ ಹಾರ್ಮೋನು ಬಿಡುವುದಿಲ್ಲ.

ಯಾರಿಗೆ ತೊಂದರೆ ಬರಲಿದೆ ಎಂಬುದನ್ನು ಮೊದಲೇ ಅಂದಾಜಿಸಲು ಸಾಧ್ಯ. ಪಿಟಿಎಚ್ ನಿಮಿಷಗಳಲ್ಲಿ ಕರಗುವುದರಿಂದ, ಥೈರಾಯ್ಡ್ ತೆಗೆದ ಕೆಲವೇ ತಾಸಿನಲ್ಲಿ ಅದರ ಮಟ್ಟ ನಿಜ ಹೇಳುತ್ತದೆ; ಕ್ಯಾಲ್ಸಿಯಂ ಬೀಳಲು ಇನ್ನೂ ಒಂದೆರಡು ದಿನ ಇರುತ್ತದೆ. ಮಿಲಿಲೀಟರಿಗೆ 15 ಪಿಕೋಗ್ರಾಂ ಮೀರಿದ್ದರೆ ಭಾರಿ ಚಿಕಿತ್ಸೆಯ ಅಗತ್ಯ ಬರುವುದು ಕಡಿಮೆ ಎಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ 2018ರ ಹೇಳಿಕೆ ಹೇಳುತ್ತದೆ. ದೂರದ ಊರಿನ ರೋಗಿಗೆ ಈ ಒಂದು ಪರೀಕ್ಷೆಯೇ ರೈಲು ಹತ್ತಬಹುದೋ, ಇನ್ನೆರಡು ದಿನ ಪುಣೆಯಲ್ಲೇ ಇರಬೇಕೋ ಎಂಬುದಕ್ಕೆ ಉತ್ತರ.

ಮಾತ್ರೆ ಇಳಿಸುವ ಹೊತ್ತಿಗೆ ಬೇರೆಯದೇ ತಕರಾರು. ಒಂದು ವಾದ ಹೀಗಿದೆ: ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ ಗ್ರಂಥಿ ಸೋಮಾರಿಯಾಗುತ್ತದೆ, ಬೇಗ ನಿಲ್ಲಿಸಿದರೆ ಬೇಗ ಕೆಲಸಕ್ಕೆ ಇಳಿಯುತ್ತದೆ. ಕೇಳಲು ತರ್ಕಬದ್ಧ. ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ತಗ್ಗುವುದು ನಿಜವೇ. ಆದರೆ ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿ ಆಂತೊನಿ ಸಿಟ್ಜಸ್ ಸೆರಾ ಮತ್ತು ಸಂಗಡಿಗರು ಸಾಕಷ್ಟು ರೋಗಿಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಒಂದು ತಿಂಗಳಾದರೂ ಪಿಟಿಎಚ್ ಏರದವರಲ್ಲಿ, ಆ ಹೊತ್ತಿಗೆ ರಕ್ತದ ಕ್ಯಾಲ್ಸಿಯಂ ಚೆನ್ನಾಗಿ ಕಾಪಾಡಿಕೊಂಡವರೇ ಮುಂದೆ ಹೆಚ್ಚು ಚೇತರಿಸಿಕೊಂಡರು. ಪೆಟ್ಟು ತಿಂದ ಗ್ರಂಥಿಗೆ ಮೊದಲ ವಾರಗಳಲ್ಲಿ ವಿಶ್ರಾಂತಿ ಕೊಡಬೇಕು ಎಂಬುದು ಅವರು ಮುಂದಿಟ್ಟ ವಿವರಣೆ. ಎಷ್ಟು ಗ್ರಂಥಿಗಳು ತಮ್ಮ ಜಾಗದಲ್ಲೇ ಉಳಿದಿವೆ ಎಂಬುದೂ ಚೇತರಿಕೆಯನ್ನು ನಿರ್ಧರಿಸುತ್ತದೆಂದು ಅದೇ ತಂಡ ಮುಂದೆ ತೋರಿಸಿತು. ಇದು ಎಲ್ಲ ಕಡೆ ಪರೀಕ್ಷೆಗೊಳಗಾದ ಕೊನೆಯ ಮಾತಲ್ಲ. ಆದರೂ ಮೊದಲ ತಿಂಗಳಲ್ಲೇ ಅವಸರದಿಂದ ಮಾತ್ರೆ ಕಿತ್ತು ಗ್ರಂಥಿಯನ್ನು ಎಬ್ಬಿಸಲು ಹೊರಡುವುದಕ್ಕಿಂತ ಈ ದಾರಿ ರೋಗಿಗೆ ಹಿತ.

ಅತ್ತ ವರ್ಷಗಟ್ಟಲೆ ಪರೀಕ್ಷೆಯಿಲ್ಲದೆ ಅದೇ ಚೀಟಿ ತೋರಿಸಿ ಮಾತ್ರೆ ಕೊಂಡು ನುಂಗುವವರ ಕಷ್ಟ ಇನ್ನೊಂದು ಬಗೆಯದು. ಗ್ರಂಥಿ ಚೇತರಿಸಿಕೊಂಡಿದ್ದರೂ ಕ್ಯಾಲ್ಸಿಟ್ರಿಯಾಲ್ ಮುಂದುವರಿದರೆ ಕ್ಯಾಲ್ಸಿಯಂ ಅತಿಯಾಗಿ, ಮೂತ್ರದಲ್ಲಿ ಸೋರಿ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ. ಬಾಯಾರಿಕೆ, ಮಲಬದ್ಧತೆ, ಮಂಕು, ಮತ್ತೆ ಮತ್ತೆ ಮೂತ್ರಕ್ಕೆ ಹೋಗುವುದು ಇದರ ಗುರುತು. ಸರಿಯಾದ ಕ್ರಮದಲ್ಲಿ ಒಂದು ಸಲಕ್ಕೆ ಒಂದೇ ಮಾತ್ರೆ ಇಳಿಸುತ್ತಾರೆ, ವಾರದೊಳಗೆ ಕ್ಯಾಲ್ಸಿಯಂ ನೋಡುತ್ತಾರೆ, ಸರಿಯಿದ್ದರೆ ಮುಂದಿನದನ್ನು ಇಳಿಸುತ್ತಾರೆ. ರಕ್ತದ ಅಲ್ಬುಮಿನ್ ಕಡಿಮೆಯಿದ್ದರೆ ಒಟ್ಟು ಕ್ಯಾಲ್ಸಿಯಂ ಸುಳ್ಳುಸುಳ್ಳೇ ಕಡಿಮೆ ಕಾಣುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇದೆಲ್ಲ ತಾಲ್ಲೂಕಿನ ವೈದ್ಯರೂ ಮಾಡಬಲ್ಲ ಕೆಲಸ, ಪುಣೆಯಿಂದ ಬಂದ ಕಾಗದದಲ್ಲಿ ಅವರಿಗೆ ಬೇಕಾದ ಮಾಹಿತಿ ಇದ್ದರೆ.

ಆ ಕಾಗದದ ಬಗ್ಗೆ ಗಟ್ಟಿಯಾಗಿ ಕೇಳಬೇಕಾಗಿದೆ. ಆಪರೇಷನ್ನಿನಲ್ಲಿ ಎಷ್ಟು ಪ್ಯಾರಾಥೈರಾಯ್ಡ್ ಕಂಡವು, ಎಷ್ಟು ಜಾಗದಲ್ಲೇ ಉಳಿದವು, ಯಾವುದನ್ನಾದರೂ ಸ್ನಾಯುವಿನಲ್ಲಿ ನೆಟ್ಟರೇ, ಡಿಸ್ಚಾರ್ಜಿನ ದಿನ ಕ್ಯಾಲ್ಸಿಯಂ ಮತ್ತು ಪಿಟಿಎಚ್ ಎಷ್ಟಿತ್ತು, ಮುಂದಿನ ಪರೀಕ್ಷೆ ಯಾವ ದಿನ, ಮಾತ್ರೆ ಇಳಿಸುವವರು ಯಾರು ಎಂಬಿಷ್ಟು ಅದರಲ್ಲಿರಬೇಕು. ತೆಗೆದ ಥೈರಾಯ್ಡಿನ ಪೆಥಾಲಜಿ ವರದಿಯನ್ನೂ ಕೇಳಿ ಪಡೆಯಬೇಕು. ಗೊತ್ತಿಲ್ಲದೆ ಅಂಟಿಕೊಂಡು ಹೋದ ಪ್ಯಾರಾಥೈರಾಯ್ಡ್ ಇದ್ದರೆ ಅದರಲ್ಲಿ ಬರೆದಿರುತ್ತದೆ. ಪುಣೆಯ ಮಟ್ಟಿಗೆ ಇನ್ನೊಂದು ತೊಡಕು ಭಾಷೆಯದು. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿ ಅಥವಾ ಹಿಂದಿಯಲ್ಲಿ. ಅಫಜಲಪುರದ ತಾಯಿಗೆ ತಿಳಿದಷ್ಟೇ ತಿಳಿಯಿತು. ಪುಣೆಯಲ್ಲಿ ಕನ್ನಡಿಗರಿಗೇನೂ ಕೊರತೆಯಿಲ್ಲ. ಗಣೇಶನಗರದ ಕನ್ನಡ ಶಾಲೆ ಹೊತ್ತಿರುವುದೂ ಡಾ. ಶಾಮರಾವ್ ಕಲ್ಮಾಡಿ ಎಂಬ ವೈದ್ಯರ ಹೆಸರನ್ನೇ. ತುಟಿ ಜುಮುಗುಟ್ಟಿದರೆ ಏನು ಮಾಡಬೇಕು, ಕೈ ಸೆಟೆದರೆ ತಡಮಾಡದೆ ಎಲ್ಲಿಗೆ ಓಡಬೇಕು, ಯಾವ ಮಾತ್ರೆ ಯಾವ ಹೊತ್ತಿಗೆ ಎಂಬ ಒಂದೇ ಪುಟದ ಕನ್ನಡ ಕೈಪಿಡಿಯನ್ನು ಊರಿನ ಆಸ್ಪತ್ರೆಗಳಿಗೆ ಮುಟ್ಟಿಸುವುದು ಅಲ್ಲಿನ ಕನ್ನಡ ವೈದ್ಯರಿಗೂ ಸಂಘಗಳಿಗೂ ಎಟುಕದ ಕೆಲಸವೇನಲ್ಲ.

ಗ್ರಂಥಿಯನ್ನು ಗುರುತಿಸುವ ಕೆಲಸದಲ್ಲಿ ಈಗ ಬೆಳಕೂ ನೆರವಿಗೆ ಬಂದಿದೆ. ಸಮೀಪ-ಅವಕೆಂಪು ಕಿರಣ ಹಾಯಿಸಿದರೆ ಪ್ಯಾರಾಥೈರಾಯ್ಡ್ ಯಾವ ಬಣ್ಣದ ಔಷಧಿಯೂ ಇಲ್ಲದೆ ತಾನಾಗಿ, ಥೈರಾಯ್ಡಿಗಿಂತ ಪ್ರಖರವಾಗಿ ಹೊಳೆಯುತ್ತದೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಅನಿತಾ ಮಹಾದೇವನ್ ಜಾನ್ಸೆನ್ ಅವರ ತಂಡ ಇದನ್ನು ಕಂಡು 2011ರಲ್ಲಿ ಪ್ರಕಟಿಸಿತು. ಈ ಗುಣವನ್ನು ಬಳಸುವ ಎರಡು ಉಪಕರಣಗಳಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ಒಂದು ಮಿತಿ ಇದೆ: ಹೊಳೆಯುವ ಗ್ರಂಥಿಯಲ್ಲಿ ರಕ್ತ ಹರಿಯುತ್ತಿದೆಯೇ ಎಂಬುದನ್ನು ಆ ಹೊಳಪು ಹೇಳದು. ಅದನ್ನು ನೋಡಲು ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಸೇರಿಸಬೇಕು.

ವರ್ಷ ದಾಟಿದರೂ ಗ್ರಂಥಿ ಏಳದವರು ಮಾತ್ರೆಗಳೊಂದಿಗೇ ಬಾಳಬೇಕಾಗುತ್ತದೆ. ಅವರಲ್ಲಿ ಕ್ಯಾಲ್ಸಿಯಮ್ಮನ್ನು ಸಾಮಾನ್ಯ ಮಿತಿಯ ಕೆಳ ಅಂಚಿನಲ್ಲಿ ಇಟ್ಟುಕೊಳ್ಳುತ್ತಾರೆ. ಪಿಟಿಎಚ್ ಇಲ್ಲದ ಮೂತ್ರಪಿಂಡ ಕ್ಯಾಲ್ಸಿಯಮ್ಮನ್ನು ತಡೆಯಲಾರದು, ಮಟ್ಟ ಹೆಚ್ಚಿಸಿದಷ್ಟೂ ಮೂತ್ರದಲ್ಲಿ ಹೋಗುತ್ತದೆ. ಕಾಣೆಯಾದ ಹಾರ್ಮೋನನ್ನೇ ಕೊಡುವ ಪ್ರಯತ್ನ ಏಳುಬೀಳು ಕಂಡಿದೆ. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನ್ಯಾಟ್‌ಪಾರಾ ಚುಚ್ಚುಮದ್ದಿನ ತಯಾರಿಕೆಯನ್ನು ಕಂಪನಿ 2024ರ ಕೊನೆಗೆ ನಿಲ್ಲಿಸಿತು. ದಿನಕ್ಕೊಮ್ಮೆ ಚುಚ್ಚಿಕೊಂಡರೆ ಇಡೀ ದಿನ ನಿಧಾನವಾಗಿ ಹಾರ್ಮೋನು ಬಿಡುವ ಪ್ಯಾಲೋಪೆಗ್‌ಟೆರಿಪ್ಯಾರಟೈಡ್‌ಗೆ ಯುರೋಪಿನಲ್ಲಿ 2023ರ ನವೆಂಬರಿನಲ್ಲೂ ಅಮೆರಿಕದಲ್ಲಿ 2024ರ ಆಗಸ್ಟಿನಲ್ಲೂ ಅನುಮತಿ ಸಿಕ್ಕಿತು.

ಆದರೆ ‘ಶಾಶ್ವತ’ ಎಂದು ಚೀಟಿಯಲ್ಲಿ ಬರೆಸಿಕೊಂಡ ಮೇಲೂ ಪಿಟಿಎಚ್ ಪರೀಕ್ಷೆ ಕೈಬಿಡಬಾರದು. ಬಾರ್ಸಿಲೋನಾದ ತಂಡ ಹಿಂಬಾಲಿಸಿದವರಲ್ಲಿ ಕೆಲವರ ಗ್ರಂಥಿ 6 ತಿಂಗಳ ನಂತರ, ಇನ್ನು ಕೆಲವರದ್ದು ವರ್ಷ ದಾಟಿದ ಮೇಲೆ ಹಾರ್ಮೋನು ಬಿಡತೊಡಗಿತ್ತು. ಎರಡನೆಯ ವರ್ಷವೂ, ಮೂರನೆಯ ವರ್ಷವೂ ಒಮ್ಮೆ ಪಿಟಿಎಚ್, ಜೊತೆಗೆ ಕ್ಯಾಲ್ಸಿಯಂ, ರಂಜಕ, ಕ್ರಿಯಾಟಿನಿನ್ ಮತ್ತು 24 ತಾಸಿನ ಮೂತ್ರದ ಕ್ಯಾಲ್ಸಿಯಂ ನೋಡಿಸಬೇಕು. ಪಿಟಿಎಚ್ ಅಳೆಯಬಹುದಾದಷ್ಟು ಮೇಲೆ ಬಂದಿದ್ದರೆ, ಕ್ಯಾಲ್ಸಿಟ್ರಿಯಾಲಿನ ಒಂದು ಕ್ಯಾಪ್ಸೂಲನ್ನು ಇಳಿಸಿ ವಾರ ಕಾದು ನೋಡಬಹುದೇ ಎಂದು ವೈದ್ಯರನ್ನು ಕೇಳಲು ರೋಗಿ ಹಿಂಜರಿಯಬೇಕಾಗಿಲ್ಲ.